ನಮ್ಮ ಟೇಲರಿಗೆ ಕೀಲಿ ಬಂದ ಕಥೆ

ಕಳೆದ ಡಿಸೆಂಬರ್. ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಮೀಟಿಂಗ್ ಶುರುವಾಗಿ ಐದು ನಿಮಿಷ ಆಗಿರಲಿಲ್ಲ, ಅಪ್ಪನ ಫೋನ್ ಬಂತು. ಕೆಲಸದ ಹೊತ್ತಿನಲ್ಲಿ ಸುಮ್ಮಸುಮ್ಮನೆ ಫೋನ್ ಮಾಡುವವರಲ್ಲ ಅವರು. ಎದೆ ಧಸಕ್ ಅಂತು. ಹೊರಗೆ ಬಂದು ಎತ್ತಿದೆ.

“ಕಾಕಾನ ಟೇಲರ್ ಕಳುವಾಗೈತಿ ನೋಡವಾ.”

“ಅಯ್ಯ! ಟೇಲರ್ ಕಳುವಾತಾ? ಯಾವಾಗ?” ಅಂತ ನಾನು ಕೂಗಿದ್ದು ಕಾರಿಡಾರಿನ ತುಂಬ ಕೇಳಿಸಿರಬೇಕು. ವಾಪಸ್ ಬಂದು ಕುಳಿತಾಗ ಪಕ್ಕದ ಸೀಟಿನ ಗೆಳತಿ ಗಾಬರಿಯಿಂದ ಕೇಳಿದಳು: “ಯಾರೇ ಅದು, ನಿಮ್ಮ ಬ್ಲೌಸ್ ಹೊಲಿಯೋರಾ? ಕಿಡ್ನ್ಯಾಪಾ?”

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡ್ತೀನಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಅಂದ್ರೆ ನಮ್ಮ ಕಡೆಯ ಬಾಯಲ್ಲಿ ಟೇಲರ್ ಅಂದರೆ ಬಟ್ಟೆ ಹೊಲಿಯುವವನೂ ಹೌದು, ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಟ್ರೇಲರೂ ಹೌದು. ಕಳುವಾಗಿದ್ದು ಎರಡನೆಯದು. ಕಬ್ಬಿನ ಹಂಗಾಮು ಜೋರಾಗಿತ್ತು. ಹಿಂದಿನ ಸಂಜೆ ಕಾಕಾ ಖಾಲಿ ಟೇಲರನ್ನು ಹೊಲದ ಬದುವಿನ ಹತ್ತಿರ ಬಿಚ್ಚಿ ನಿಲ್ಲಿಸಿ, ಟ್ರ್ಯಾಕ್ಟರ್ ಮಾತ್ರ ಮನೆಗೆ ತಂದಿದ್ದರು. ಬೆಳಿಗ್ಗೆ ಹೋಗಿ ನೋಡಿದರೆ ಮಣ್ಣಿನ ಮೇಲೆ ಗಾಲಿಯ ಗುರುತಷ್ಟೇ.

ಯೋಚನೆ ಮಾಡಿ. ಟ್ರ್ಯಾಕ್ಟರಿಗೆ ಚಾವಿ ಇದೆ, ನಿಲ್ಲೋಕೆ ಅಂಗಳ ಇದೆ, ಅಂಗಳಕ್ಕೆ ಗೇಟ್ ಇದೆ. ಟೇಲರಿಗೆ ಏನಿದೆ? ಒಂದು ಪಿನ್ನು. ಅದೂ ಟ್ರ್ಯಾಕ್ಟರ್ ಜೊತೆಗೇ ಮನೆಗೆ ಬಂದಿತ್ತು. ಯಾರೋ ತಮ್ಮ ಟ್ರ್ಯಾಕ್ಟರ್ ಹಿಂದಕ್ಕೆ ತಂದು, ತಮ್ಮದೇ ಪಿನ್ನು ಇಳಿಸಿ, ಎಳೆದುಕೊಂಡು ಹೋಗಿದ್ದರು. ಎರಡು ನಿಮಿಷದ ಕೆಲಸ. ಹಂಗಾಮಿನಲ್ಲಿ ರಾತ್ರಿಯಿಡೀ ಟ್ರ್ಯಾಕ್ಟರುಗಳು ಓಡಾಡ್ತಾನೇ ಇರ್ತವೆ. ನಡುರಾತ್ರಿ ಒಂದು ಟೇಲರ್ ಹೋದರೆ ಯಾವ ನಾಯಿಯೂ ಬೊಗಳೋದಿಲ್ಲ.

ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, “ನಂಬರ್ ಹೇಳ್ರಿ.” ಕಾಕಾನ ಹತ್ತಿರ ಉತ್ತರ ಇರಲಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಟೇಲರ್ ಅದು. ರಿಜಿಸ್ಟ್ರೇಷನ್ ಇಲ್ಲ, ಬಿಲ್ ಇಲ್ಲ, ಸರಿಯಾದ ಒಂದು ಫೋಟೋ ಕೂಡ ಇಲ್ಲ. ಕೆಂಪು ಬಣ್ಣ, ಎರಡು ಗಾಲಿ. ಅಂಥವು ಎಷ್ಟೋ ಓಡಾಡ್ತಾವೆ.

ಆ ರಾತ್ರಿ ಕಾಕಾನಿಗೆ ನಾನೇ ಫೋನ್ ಮಾಡಿದೆ. ಸಮಾಧಾನ ಹೇಳೋಣ ಅಂತ. ಅವರು ಬೇರೆಯೇ ಮಾತು ಶುರು ಮಾಡಿದರು: “ಇದು ಗೊತ್ತಿದ್ದಾವರದ ಕೆಲಸ. ಕಬ್ಬು ಕಡಿಯೋ ಗ್ಯಾಂಗಿನಾಗ ಒಬ್ಬ ಹುಡುಗ ಅದಾನ, ಅವನ ಮ್ಯಾಲ ನನಗ ಮೊದಲಿಂದೂ ಡೌಟು…”

ನನ್ನ ಹೊಟ್ಟೆಯಲ್ಲಿ ಏನೋ ತಿರುವಿದ ಹಾಗಾಯ್ತು. ಯಾಕೆಂದರೆ ಇದೇ ಮಾತಿನ ಮೊದಲ ಸಾಲನ್ನು ಒಮ್ಮೆ ನಾನೂ ಆಡಿದ್ದೆ.

ನಾಲ್ಕು ದಿನದ ಮನೆ

ನಮ್ಮ ಮನೆಯಲ್ಲಿ ಟೇಲರ್ ವರ್ಷವೆಲ್ಲ ಗೊಬ್ಬರ, ಕಬ್ಬು, ಮೇವು ಹೊರುತ್ತದೆ. ಆದರೆ ಭರತ ಹುಣ್ಣಿಮೆ ಹತ್ತಿರ ಬಂತು ಅಂದರೆ ಅದು ಮನೆಯಾಗಿಬಿಡ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗಬೇಕಲ್ಲ!

ಎರಡು ದಿನ ಮೊದಲೇ ಅಪ್ಪ ಟೇಲರ್ ತೊಳೀತಾರೆ. ಬಿದಿರಿನ ಕಮಾನು ಕಟ್ಟಿ ಮೇಲೆ ತಾಡಪತ್ರಿ ಎಳೀತಾರೆ. ಕೆಳಗೆ ಕಣಕಿ ಹಾಸಿ, ಅದರ ಮೇಲೆ ಗುಡಾರ, ಅದರ ಮೇಲೆ ಆಯಿ ಹೊಲಿದ ಕೌದಿಗಳು. ಒಂದು ಮೂಲೆಗೆ ಸಿಲಿಂಡರು, ಒಲೆ, ನೀರಿನ ಕ್ಯಾನು. ಇನ್ನೊಂದು ಮೂಲೆಗೆ ರೊಟ್ಟಿ ಬುಟ್ಟಿ, ಶೇಂಗಾ ಚಟ್ನಿ, ಮಾದಲಿ. ಅಜ್ಜನ ಕಾಲದಲ್ಲಿ ಇದೆಲ್ಲ ಚಕ್ಕಡಿಯಲ್ಲಿ ಆಗ್ತಿತ್ತು. ಈಗಲೂ ಎತ್ತುಗಳಿಗೆ ಜೂಲು ಹೊದಿಸಿ, ಗೆಜ್ಜೆ ಕಟ್ಟಿ, ಚಕ್ಕಡಿಯಲ್ಲೇ ಬರುವವರು ಇದ್ದಾರೆ. ಕೊಲ್ಹಾಪುರ ಕಡೆಯಿಂದ ಬರುವವರೂ ಕಡಿಮೆಯಿಲ್ಲ. ಗುಡ್ಡದ ಸುತ್ತ ಆ ಹುಣ್ಣಿಮೆಗೆ ಗಾಲಿ ಮೇಲಿನ ಒಂದು ಊರೇ ಕಟ್ಟಿಕೊಳ್ತದೆ. ಅಲ್ಲೇ ಅಡುಗೆ, ಅಲ್ಲೇ ಪರಡಿ ತುಂಬಿಸೋದು, ಅಲ್ಲೇ ನಿದ್ದೆ. ಉಧೋ ಉಧೋ ಅನ್ನೋ ದನಿ ಕೇಳ್ತಾ ತಾಡಪತ್ರಿಯ ಕೆಳಗೆ ಮಲಗುವ ಸುಖ ಯಾವ ರೆಸಾರ್ಟಿನಲ್ಲೂ ಸಿಗೋದಿಲ್ಲ ಬಿಡಿ.

ಆದರೆ ಆ ಊರಿನ ಮನೆಗಳಿಗೆ ಗೋಡೆ ಇಲ್ಲ, ಬಾಗಿಲಿಲ್ಲ.

ಮೂರು ಶಬ್ದ

2023ರ ಭರತ ಹುಣ್ಣಿಮೆ, ಫೆಬ್ರವರಿ 5, ಭಾನುವಾರ. ನಸುಕಿನಲ್ಲೇ ಊರು ಬಿಟ್ಟು ಜೋಗುಳಬಾವಿಗೆ ಬಂದೆವು. ಮೊದಲು ಅಲ್ಲಿ ಸ್ನಾನ, ಸತ್ಯಮ್ಮನ ದರ್ಶನ, ಆಮೇಲೆ ಗುಡ್ಡ. ಅದು ನಮ್ಮ ಹಿರಿಯರಿಂದ ಬಂದ ಪದ್ಧತಿ. ಟೇಲರುಗಳು ಸಾಲಾಗಿ ನಿಂತಿದ್ದ ಬಯಲಿನಲ್ಲಿ ನಮ್ಮದನ್ನೂ ನಿಲ್ಲಿಸಿದೆವು.

ಆ ವರ್ಷ ಆಯಿಯ ಟ್ರಂಕಿನಲ್ಲಿ ದೇವಿಗೆ ಹಸಿರು ಸೀರೆ, ಬಳೆ, ಮತ್ತೆ ಒಂದು ಜೋಡಿ ಬೆಳ್ಳಿ ಕಣ್ಣು ಇದ್ದವು. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಲಿ ಅಂತ ಹೊತ್ತ ಹರಕೆ. ಖರ್ಚಿನ ದುಡ್ಡೂ ಅಲ್ಲೇ. ಇನ್ನೊಂದು ತಮಾಷೆ ಕೇಳಿ: ಗದ್ದಲದಲ್ಲಿ ಸರ ಹರ್ಕೊಂಡು ಹೋದಾರು ಅಂತ ನಮ್ಮ ವೈನಿ ಕೊರಳಿನ ಎರಡು ತೊಲೆ ಸರ ಬಿಚ್ಚಿ, ‘ಭದ್ರವಾಗಿ’ ಅದೇ ಟ್ರಂಕಿನಲ್ಲಿ ಇಟ್ಟಿದ್ದಳು.

ಎಲ್ಲರೂ ಸ್ನಾನಕ್ಕೆ ಹೋದೆವು. ಟೇಲರ್ ಹತ್ತಿರ ಉಳಿದವನು ನಮ್ಮ ಡ್ರೈವರ್ ಅಣ್ಣ ಒಬ್ಬನೇ. ಆರು ವರ್ಷದಿಂದ ನಮ್ಮ ಟ್ರ್ಯಾಕ್ಟರ್ ಹೊಡೆಯುವವನು, ನಾನು ಬಾಯ್ತುಂಬ ಅಣ್ಣಾ ಅಂತಲೇ ಕರೆಯುವವನು. ಮೂರು ಗಂಟೆಗೆ ಎದ್ದು ಗಾಡಿ ಹೊಡೆದಿದ್ದ. ಕಣ್ಣು ಎಳೀತಿತ್ತು. ಚಹಾ ಕುಡಿದು ಬರೋಣ ಅಂತ ಹತ್ತು ನಿಮಿಷ ಆಚೆ ಹೋಗಿದ್ದ.

ನಾವು ವಾಪಸ್ ಬಂದಾಗ ಟೇಲರಿನ ಹಿಂಬದಿಯ ತಾಡಪತ್ರಿ ಮೇಲಿಂದ ಕೆಳಗಿನವರೆಗೆ ನೆಟ್ಟಗೆ ಸೀಳಿತ್ತು. ಟ್ರಂಕು ಇರಲಿಲ್ಲ.

“ಇಲ್ಲಿ ಯಾರ್ ಇದ್ರು?” ಅಂತ ಕೇಳಿದವಳು ನಾನು. ಮೂರೇ ಶಬ್ದ. ಅದೇ ಹೊತ್ತಿಗೆ ಅಣ್ಣ ಬಂದ. ಕೈಯಲ್ಲಿ ಆಯಿಗೆ ಅಂತ ಕಟ್ಟಿಸಿಕೊಂಡು ಬಂದ ಚಹಾದ ಪಾರ್ಸೆಲ್. ಎಲ್ಲರೂ ಅವನ ಕಡೆಗೆ ತಿರುಗಿ ನೋಡಿದ್ದನ್ನು ಕಂಡ, ಸೀಳಿದ ತಾಡಪತ್ರಿ ಕಂಡ. ಚಹಾ ಕೆಳಗಿಟ್ಟು, ಯಾರೂ ಕೇಳದೆಯೇ ಅಂಗಿಯ ಕಿಸೆ ಹೊರಗೆಳೆದು ತೋರಿಸಿದ. ಆಮೇಲೆ ಪ್ಯಾಂಟಿನ ಕಿಸೆ. ಒಂದು ಬಾಚಣಿಕೆ, ನೂರಾ ಇಪ್ಪತ್ತು ರೂಪಾಯಿ.

ಯಾರೂ ‘ತೋರಿಸು’ ಅಂದಿರಲಿಲ್ಲ. ಆದರೆ ‘ಬ್ಯಾಡ’ ಅಂತಲೂ ಯಾರೂ ಅನ್ನಲಿಲ್ಲ.

ಸಂಜೆಯೊಳಗೆ ಗೊತ್ತಾಯ್ತು: ಅದೇ ಬಯಲಿನಲ್ಲಿ ಇನ್ನೂ ಮೂರು ಟೇಲರಿನ ತಾಡಪತ್ರಿ ಅದೇ ರೀತಿ ಸೀಳಿದ್ದವು. ನಮ್ಮ ಟ್ರಂಕು ಕಂಟಿಯಲ್ಲಿ ಬಿದ್ದಿತ್ತು. ಸೀರೆ, ಬಳೆ ಹಾಗೇ ಇದ್ದವು. ದುಡ್ಡು, ಸರ, ಬೆಳ್ಳಿ ಕಣ್ಣು ಇರಲಿಲ್ಲ. ಯಾವುದೋ ಗುಂಪಿನ ಕೆಲಸ ಅನ್ನೋದು ಸ್ಪಷ್ಟವಾಗಿತ್ತು. ಆದರೂ ನಮ್ಮಲ್ಲಿ ಒಬ್ಬರೂ ಅಣ್ಣನ ಹತ್ತಿರ ಹೋಗಿ ‘ತಪ್ಪಾತಪ್ಪಾ’ ಅನ್ನಲಿಲ್ಲ. ಅವನು ಮಾತಿಲ್ಲದೆ ಗಾಡಿ ಹೊಡೆದು ನಮ್ಮನ್ನು ಊರಿಗೆ ತಂದ. ಟ್ರ್ಯಾಕ್ಟರಿನ ಚಾವಿ ಕಟ್ಟೆಯ ಮೇಲಿಟ್ಟು ಹೋದ. ಮರುದಿನದಿಂದ ಕೆಲಸಕ್ಕೆ ಬರಲಿಲ್ಲ.

“ನನ್ನ ಸಲುವಾಗಿ ಹಾಕಸ್ರಿ”

ಮುಂದಿನ ವರ್ಷ ಜಾತ್ರೆ ಹತ್ತಿರ ಬಂದಾಗ ಆಯಿ ಹಟ ಹಿಡಿದಳು. “ಅಂವ ಬರಲಾರದ ಗಾಡಿ ನಾ ಹತ್ತೂದಿಲ್ಲ. ಹೋಗಿ ಕರಕೊಂಡ ಬಾ. ಕೇಳಿದಾಕಿ ನೀನ ಅಲ್ಲೇನು?” ಅಂತ ನನಗೇ ಅಂದಳು.

ಹೋದೆ. ಅವನ ಅವ್ವ ಚಹಾ ಕೊಟ್ಟಳು. ನನಗೆ ಮಾತು ಹೊರಡಲಿಲ್ಲ. “ತಪ್ಪಾತು ಅಣ್ಣಾ” ಅನ್ನೋಷ್ಟರಲ್ಲಿ ಕಣ್ಣು ತುಂಬಿ ಬಂದವು. ಅವನು ಸ್ವಲ್ಪ ಹೊತ್ತು ನೆಲ ನೋಡ್ತಾ ಕುಳಿತ. ಆಮೇಲೆ ಅಂದ: “ಬರ್ತೀನಿ ತಂಗಿ. ಆದ್ರ ಒಂದ ಮಾತು. ಟೇಲರಿಗೆ ಕೀಲಿ ಹಾಕಸ್ರಿ. ನಿಮ್ಮ ಸಾಮಾನಿನ ಸಲುವಾಗಿ ಅಲ್ಲ, ನನ್ನ ಸಲುವಾಗಿ.”

ಅಲ್ಲಿಯವರೆಗೆ ಕೀಲಿ ಅಂದರೆ ಕಳ್ಳನನ್ನು ತಡೆಯುವ ವಸ್ತು ಅಂತ ಮಾತ್ರ ತಿಳಿದಿದ್ದೆ. ಕೀಲಿ ಇಲ್ಲದ ಗಾಡಿಯಲ್ಲಿ ಏನಾದರೂ ಹೋದರೆ ಕಳ್ಳ ದೂರ ಓಡಿರ್ತಾನೆ. ಹತ್ತಿರ ಸಿಗುವವನು ನಮ್ಮ ಕೆಲಸದವನು, ನೆರೆಯವನು, ಇಲ್ಲಾ ಬೇರೆ ಊರಿಂದ ದುಡಿಯೋಕೆ ಬಂದ ಬಡವ. ಸಂಶಯ ಅವರ ತಲೆಯ ಮೇಲೆ ಕೂರುತ್ತದೆ.

ನಾವು ಮಾಡಿದ್ದೇನು?

ವೆಲ್ಡಿಂಗ್ ಅಂಗಡಿಗೆ ನಾನು, ಅಪ್ಪ, ಅಣ್ಣ ಮೂವರೂ ಹೋದೆವು. ಒಂದು ಮಧ್ಯಾಹ್ನದ ಕೆಲಸ. ನಿಮ್ಮೂರಲ್ಲೂ ಟೇಲರ್ ಇದ್ದರೆ ಇದನ್ನು ಅಪ್ಪನಿಗೋ ಮಾವನಿಗೋ ಫಾರ್ವರ್ಡ್ ಮಾಡಿ.

ಕೊಂಡಿ: ಟೇಲರಿನ ಮುಂದಿನ ಕೊಂಡಿಯ ತೂತಿಗೆ ಟ್ರ್ಯಾಕ್ಟರಿನ ಪಿನ್ನು ಇಳಿಯುತ್ತದೆ. ಬಿಚ್ಚಿ ನಿಲ್ಲಿಸಿದಾಗ ಆ ತೂತನ್ನೇ ಮುಚ್ಚಬೇಕು. ದಪ್ಪ ಕಬ್ಬಿಣದ ಗುಂಡು ಅದರೊಳಗೆ ಕೂತು, ಕೆಳಗಿನಿಂದ ಕೀಲಿ ಬೀಳುವ ಹಾಗೆ ಮಾಡಿಸಿದೆವು. ಬೇರೆ ಪಿನ್ನು ಇಳಿಯದಿದ್ದರೆ ಎಳೆಯೋದು ಸುಲಭ ಅಲ್ಲ. ಕಟ್ಟಿ ನಿಂತಾಗಲೂ ಪಿನ್ನಿನ ತುದಿಗೆ ತೂತು ಹೊಡೆದು ಕೀಲಿ ಹಾಕ್ತೀವಿ. ಅಮೆರಿಕದಲ್ಲಿ ಕಾರಿನ ಹಿಂದೆ ಟ್ರಾವೆಲ್ ಟ್ರೇಲರ್ ಕಟ್ಟಿಕೊಂಡು ಊರೂರು ಸುತ್ತುವವರಿಗೂ ಇದೇ ತಲೆನೋವು. ಅವರು ಅಂಗಡಿಯಲ್ಲಿ ಹಿಚ್ ಲಾಕ್ ಅಂತ ಕೊಳ್ಳೋದು ಇದೇ ಉಪಾಯದ್ದು.

ಗಾಲಿ: ಗಾಲಿಯ ಡಿಸ್ಕಿನ ತೂತಿನಿಂದ ಆ್ಯಕ್ಸಲ್ ಸುತ್ತಿ ದಪ್ಪ ಸರಪಳಿ. ಸರಪಳಿ ಬಿಗಿಯಾಗಿ, ನೆಲಕ್ಕೆ ತಾಗದ ಹಾಗೆ ಇರಲಿ. ನೆಲಕ್ಕೆ ಬಿದ್ದ ಸರಪಳಿಯನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯೋದು ಸುಲಭ. ಹಂಗಾಮು ಮುಗಿದು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ, ಜಾಕ್ ಕೊಟ್ಟು ಒಂದು ಗಾಲಿ ಬಿಚ್ಚಿ ಮನೆಯೊಳಗೆ ಇಟ್ಟುಬಿಡಿ.

ನಿಲ್ಲಿಸುವ ರೀತಿ: ಕೊಂಡಿ ರಸ್ತೆಯ ಕಡೆ ಇರಬಾರದು. ಗೋಡೆಗೋ ಮರಕ್ಕೋ ಮುಖ ಮಾಡಿ ನಿಲ್ಲಿಸಿದರೆ ಟ್ರ್ಯಾಕ್ಟರ್ ತಂದು ಕಟ್ಟೋಕೆ ಜಾಗವೇ ಇರೋದಿಲ್ಲ. ಜಾತ್ರೆಯಲ್ಲಿ ನಾಲ್ಕೈದು ಮನೆಯವರು ಸೇರಿ, ಟೇಲರಿನ ಹಿಂದಿನ ಬಾಗಿಲುಗಳು ಒಳಮುಖವಾಗಿ ಬರುವ ಹಾಗೆ ಸುತ್ತಲೂ ನಿಲ್ಲಿಸ್ತೀವಿ. ನಡುವೆ ಒಂದು ಚಾರ್ಜಿಂಗ್ ದೀಪ.

ಪೆಟ್ಟಿಗೆ: ತಾಡಪತ್ರಿಗೆ ಯಾವ ಕೀಲಿಯೂ ಇಲ್ಲ, ಬ್ಲೇಡು ಸಾಕು. ಅದಕ್ಕೇ ಟೇಲರಿನ ತಳಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ ವೆಲ್ಡ್ ಮಾಡಿಸಿದೆವು. ಎತ್ತಿಕೊಂಡು ಓಡೋಕೆ ಬರೋದಿಲ್ಲ. ಹಾಗಂತ ಬಂಗಾರ ಅದರಲ್ಲಿ ಇಡೋದಿಲ್ಲ. ಬಂಗಾರ ಜಾತ್ರೆಗೇ ಬರೋದಿಲ್ಲ. ದುಡ್ಡು ಮೂರು ಜನರ ಹತ್ತಿರ ಹಂಚಿ ಇರ್ತದೆ. ಆಯಿಯ ಪಾಲು ಅವಳ ಎಲೆ ಅಡಿಕೆ ಚಂಚಿಯಲ್ಲಿ. ಅದನ್ನು ಯಮನೂ ಕಸಿಯಲಾರ.

ಪಾಳಿ: ಕಾವಲಿಗೆ ಒಬ್ಬರನ್ನೇ ಬಿಡೋದಿಲ್ಲ. ಇಬ್ಬರು, ಅದೂ ಬೇರೆ ಬೇರೆ ಮನೆಯವರು. ಒಬ್ಬ ಚಹಾಕ್ಕೆ ಹೋದರೆ ಇನ್ನೊಬ್ಬ ಇರ್ತಾನೆ. ರಾತ್ರಿಯೆಲ್ಲ ಗಾಡಿ ಹೊಡೆದವನಿಗೆ ಪಾಳಿ ಹಚ್ಚೋದೇ ಇಲ್ಲ. ಅವನು ಮಲಗಬೇಕು.

ಟ್ರ್ಯಾಕರ್: ನನ್ನ ವಯಸ್ಸಿನವರು ಮೊದಲು ಕೇಳೋದು ಇದನ್ನೇ. ಒಳ್ಳೆಯದೇ, ಆದರೆ ಟೇಲರಿಗೆ ಸ್ವಂತ ಬ್ಯಾಟರಿ ಇರೋದಿಲ್ಲ. ಒಳಗೇ ಬ್ಯಾಟರಿ ಇರುವ, ಸಿಮ್ ಹಾಕುವ ಜಿಪಿಎಸ್ ಬೇಕು, ಅದನ್ನು ನೆನಪಿಟ್ಟು ಚಾರ್ಜ್ ಮಾಡಬೇಕು. ಬ್ಯಾಗಿಗೆ ಹಾಕುವ ಚಿಕ್ಕ ಬ್ಲೂಟೂತ್ ಟ್ಯಾಗುಗಳು ಹತ್ತಿರ ಓಡಾಡುವವರ ಫೋನುಗಳನ್ನೇ ನಂಬಿರ್ತವೆ. ನರಪಿಳ್ಳೆ ಇಲ್ಲದ ಹೊಲದಲ್ಲಿ ಅವು ಮೂಕ.

ಹೆಸರು ಬೇಕು, ಕಾಗದ ಬೇಕು

ಕಾಕಾನ ಟೇಲರ್ ಹೋದಮೇಲೆ ಕಲಿತದ್ದು ಇದು. ಕೀಲಿ ಮುರಿದೇ ಬಿಟ್ಟರು ಅನ್ನಿ, ಆಗ ‘ಇದು ನಮ್ಮದು’ ಅಂತ ತೋರಿಸೋದು ಹೇಗೆ?

ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಟ್ರೇಲರೂ ಒಂದು ಮೋಟಾರು ವಾಹನವೇ. ಟ್ರ್ಯಾಕ್ಟರಿಗೆ ಇದ್ದ ಹಾಗೆ ಅದಕ್ಕೂ ಪ್ರತ್ಯೇಕ ರಿಜಿಸ್ಟ್ರೇಷನ್, ಪ್ರತ್ಯೇಕ ನಂಬರ್ ಇರಬೇಕು. ನಮ್ಮ ಕಡೆಯ ಕೆಎ-24ರ ಒಂದು ನಂಬರ್ ಅದರ ಬೆನ್ನಿಗೂ ಇರಬೇಕು. ಬಣ್ಣ ಒಂದೇ ದಿನದಲ್ಲಿ ಬದಲಾಗ್ತದೆ. ಹಾಗಾಗಿ ನಂಬರನ್ನು ಬಣ್ಣದಲ್ಲಿ ಬರೆಸೋದರ ಜೊತೆಗೆ, ಕಣ್ಣಿಗೆ ಬೀಳುವ ಒಂದು ಕಡೆ, ತಳದಲ್ಲಿ ಯಾರಿಗೂ ಕಾಣದ ಒಂದು ಕಡೆ ವೆಲ್ಡಿಂಗಿನಲ್ಲಿ ಕೆತ್ತಿಸಿ. ನಾಲ್ಕೂ ಬದಿ, ತಳ, ಹಳೆಯ ತೇಪೆ, ಸೊಟ್ಟಗಾದ ಪಟ್ಟಿ, ಎಲ್ಲದರ ಫೋಟೋ ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಇರಲಿ. ಬಿಲ್ಲಿನದೂ ಇರಲಿ. ಹತ್ತು ನಿಮಿಷದ ಕೆಲಸ.

ವಿಮೆಯ ಬಗ್ಗೆ ತಪ್ಪು ತಿಳಿಯಬೇಡಿ. ಟ್ರ್ಯಾಕ್ಟರಿನ ಪಾಲಿಸಿಯಲ್ಲಿ ಟೇಲರ್ ತಾನಾಗಿ ಸೇರೋದಿಲ್ಲ, ಬೇರೆಯಾಗಿ ಬರೆಸಬೇಕು. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳುವಿಗೆ ಪೈಸೆ ಸಿಗೋದಿಲ್ಲ.

ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾಮೂಲಿ ಕಳವಿಗೆ 3 ವರ್ಷದವರೆಗೆ ಜೈಲು. ಆದರೆ ಸರಕು ಅಥವಾ ಪ್ರಯಾಣಿಕರನ್ನು ಸಾಗಿಸುವ ವಾಹನವನ್ನೇ ಕದ್ದರೆ, ಇಲ್ಲಾ ಅದರೊಳಗಿನ ಸಾಮಾನು ಕದ್ದರೆ, 305ನೇ ಕಲಮಿನ ಪ್ರಕಾರ 7 ವರ್ಷದವರೆಗೆ. ಜಾತ್ರೆಯಲ್ಲಿ ಕಳುವಾದರೆ 112ಕ್ಕೆ ಫೋನ್ ಮಾಡಿ. ಘಟನೆ ಯಾವ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಬೇರೆ ಠಾಣೆಯಲ್ಲೂ ದೂರು ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಇನ್ನೊಂದು ಮಾತು ಮುಚ್ಚಿಟ್ಟರೆ ತಪ್ಪಾಗ್ತದೆ. ಟೇಲರ್ ಇರೋದು ಸರಕಿಗೆ, ಮಂದಿಗಲ್ಲ. ಮಗುಚಿದರೆ ಜೀವ ಹೋಗ್ತದೆ, ವಿಮೆಯೂ ಕೈಕೊಡ್ತದೆ. ಹಾಗಾಗಿ ಕಳೆದ ವರ್ಷದಿಂದ ನಮ್ಮಲ್ಲಿ ಟೇಲರ್ ಸಾಮಾನು ಹೊತ್ತು ಮುಂದೆ ಹೋಗ್ತದೆ, ನಾವು ಹಿಂದಿನಿಂದ ಜಾತ್ರೆ ಬಸ್ಸಿಗೆ ಹೋಗ್ತೀವಿ. ಆಯಿ ಮೊದಲು ಗೊಣಗಿದಳು. ಶಕ್ತಿ ಯೋಜನೆಯಲ್ಲಿ ಟಿಕೀಟಿಗೆ ರೊಕ್ಕ ಇಲ್ಲ ಅಂದಮೇಲೆ ಗೊಣಗೋದು ನಿಲ್ಲಿಸಿದಳು. ಗುಡ್ಡ ಮುಟ್ಟಿದ ಮೇಲೆ ಮಲಗೋದು ಮಾತ್ರ ಟೇಲರಿನಲ್ಲೇ. ಅದಕ್ಕೆ ಯಾರೂ ಅಡ್ಡ ಬರೋ ಹಾಗಿಲ್ಲ.

ಎರಡು ಚಾವಿ

ಆ ರಾತ್ರಿ ಫೋನಿನಲ್ಲಿ ಕಾಕಾನಿಗೆ ಒಂದೇ ಮಾತು ಅಂದೆ: “ಕಾಕಾ, ಆ ಹುಡುಗನ ಹೆಸರು ಠಾಣೆದಾಗ ಹೇಳಬ್ಯಾಡ್ರಿ. ನೋಡಿದ್ದಿದ್ರ ಹೇಳ್ರಿ. ಡೌಟ್ ಐತಿ ಅಂತ ಹೇಳಬ್ಯಾಡ್ರಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೂಂ” ಅಂದರು. ಹೇಳಲಿಲ್ಲ. ಟೇಲರ್ ಇವತ್ತಿಗೂ ಸಿಕ್ಕಿಲ್ಲ. ಸಾಲ ಮಾಡಿ ಇನ್ನೊಂದು ತಂದಿದ್ದಾರೆ. ಇದಕ್ಕೆ ನಂಬರ್ ಇದೆ, ಕೊಂಡಿಗೆ ಕೀಲಿ ಇದೆ.

ನಮ್ಮ ಅಣ್ಣ ಮತ್ತೆ ಗಾಡಿ ಹೊಡೀತಾನೆ. ಕೀಲಿ ಹಾಕಿಸಿದ ದಿನ ಅಪ್ಪ ಎರಡು ಚಾವಿ ಅವನ ಮುಂದೆ ಹಿಡಿದರು. ಒಂದು ಕೊಂಡಿಯದು, ಒಂದು ಪೆಟ್ಟಿಗೆಯದು. ಅವನು ಕೊಂಡಿಯದನ್ನು ಮಾತ್ರ ತಗೊಂಡ. “ಪೆಟ್ಟಿಗಿ ಚಾವಿ ನನಗ ಬ್ಯಾಡ್ರಿ” ಅಂದ.

ಪ್ರತಿ ಹುಣ್ಣಿಮೆಗೂ ಅಪ್ಪ ಅದನ್ನು ಮುಂದೆ ಹಿಡೀತಾರೆ, ಅವನು ನಕ್ಕು ತಲೆ ಅಲ್ಲಾಡಿಸ್ತಾನೆ. ಆ ಚಾವಿ ಈಗ ನನ್ನ ಹತ್ತಿರ ಇದೆ, ಬೆಂಗಳೂರಿನ ಮನೆಯ ಚಾವಿಯ ಜೊತೆ ಒಂದೇ ಗೊಂಚಲಿನಲ್ಲಿ. ಬಾಗಿಲು ತೆಗೆಯುವಾಗೆಲ್ಲ ಕೈಗೆ ಸಿಗ್ತದೆ.

ನಿಮ್ಮ ಮನೆಯಲ್ಲೂ ಹೀಗೆ ಯಾರದಾದರೂ ಹೆಸರು ಸುಮ್ಮನೆ ಬಂದು ಹೋಗಿದೆಯಾ? ಬರೆದು ಕಳಿಸಿ. ಅದಕ್ಕಿಂತ ಮೊದಲು, ಆಗೋದಾದರೆ, ಅವರಿಗೊಂದು ಫೋನ್ ಮಾಡಿ.